ಎರೆಯುವ ಕಾಲು

ರಾಯದುರ್ಗದ ಆ ಓಣಿಯಲ್ಲಿ ಬೆಳೆದ ಕೂಸುಗಳ ಪೈಕಿ ಜುಂಜಮ್ಮನ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಳ್ಳದ ಕೂಸೇ ಇಲ್ಲ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಮೆಷಿನ್ನುಗಳು ಕೂತ ಮೇಲೆ ಬೊಮ್ಮನಹಾಳ್ ಕಡೆಯಿಂದ, ಭೈರವಾನಿತಿಪ್ಪದ ಕಡೆಯಿಂದ ಎಳೆವಯಸ್ಸಿನ ಗಂಡಹೆಂಡಿರು ಬಂದು ಒಂದೊಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಬಾಣಂತನ ಅರ್ಧಕ್ಕೇ ಮುಗಿಸಿ, ತವರಿನಿಂದ ಕೂಸು ಎತ್ತಿಕೊಂಡು ಕೆಲಸಕ್ಕೆ ಓಡಿಬಂದ ಆ ಹುಡುಗಿಯರಿಗೆ ಪ್ಯಾಂಟಿಗೆ ಜಿಪ್ಪು ಕೂರಿಸುವುದು ಗೊತ್ತಿತ್ತು, ಒದ್ದೆ ಕೂಸನ್ನು ಹಿಡಿಯುವುದು ಗೊತ್ತಿರಲಿಲ್ಲ. ಬೆಳಿಗ್ಗೆ ಹೊಲಿಗೆ ಯೂನಿಟ್ಟಿನ ಬಾಗಿಲು ತೆರೆಯುವ ಮುಂಚೆ ಅವರೆಲ್ಲ ಜುಂಜಮ್ಮನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು.

ಜುಂಜಮ್ಮ ಅಂಗಳದ ಬಚ್ಚಲ ಬಂಡೆಯ ಮೇಲೆ ಮಣೆ ಹಾಕಿ, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿ, ಎರಡೂ ಕಾಲು ಮುಂದಕ್ಕೆ ಚಾಚಿ ಕೂರುವಳು. ಆ ಕಾಲುಗಳ ಮೇಲೆ ಕೂಸು. ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಮಗುಚಿ ಬೆನ್ನು ನೀವಿ, ಮೂಗು ತೀಡಿ, ಹದವಾದ ಬಿಸಿನೀರು ಹಾಕುವಳು. ಕೊನೆಯ ತಂಬಿಗೆ ನೀರನ್ನು ಮಾತ್ರ ಕೂಸಿನ ಸುತ್ತ ಇಳಿ ತೆಗೆದು ಸುರಿಯುತ್ತ, “ಗುಂಡುಕಲ್ಲಂಗಿರು, ಗುಡ್ಡದಂಗೆ ಬೆಳಿ” ಅನ್ನುವಳು. ಅದು ದೃಷ್ಟಿ ನೀರು. ಅಷ್ಟು ಹೊತ್ತಿಗೆ, ಬರುವಾಗ ಓಣಿ ಹಾರಿಹೋಗುವಂತೆ ಅತ್ತ ಕೂಸು ಅವಳ ಪಾದಗಳ ನಡುವೆ ತಲೆಯಿಟ್ಟು ನಿದ್ದೆ ಮಾಡುತ್ತಿರುತ್ತಿತ್ತು.

ಈ ಕೆಲಸದಲ್ಲಿ ಗಂಡ ಸುಂಕಪ್ಪನ ಪಾಲು ಒಲೆ ಹಚ್ಚುವುದು, ನೀರು ಬೆರೆಸುವುದು, ತಂಬಿಗೆ ತುಂಬಿ ಕೊಡುವುದು. ಸುಂಕಪ್ಪ ಕಟಿಂಗ್ ಮಾಸ್ಟರ್. ಒಂದರ ಮೇಲೊಂದು ಹಾಸಿದ ದಪ್ಪ ಜೀನ್ಸ್ ಬಟ್ಟೆಯನ್ನು ಕರೆಂಟಿನ ಕತ್ತಿಯಿಂದ ಒಂದೇ ಸಲಕ್ಕೆ ಕೊಯ್ಯುವ ಕೈ ಅವನದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಿದ್ದಿದ ಮೀಸೆ. ಓಣಿಯೆಲ್ಲ ಅವನನ್ನು ಮಾಸ್ಟರ್ ಅನ್ನುತ್ತಿತ್ತು, ಅವನಿಗೂ ಹಾಗೆ ಅನ್ನಿಸಿಕೊಳ್ಳುವುದೆಂದರೆ ಇಷ್ಟ. ಒಲೆಯ ಮುಂದೆ ಬಗ್ಗುವಾಗಲೂ ತೋಳಿಗೆ ಮಸಿ ತಾಗದ ಹಾಗೆ ಬಗ್ಗುವನು, ತಂಬಿಗೆ ಕೊಟ್ಟು ಮತ್ತೆ ನೆಟ್ಟಗೆ ನಿಲ್ಲುವನು. ಕೂಸನ್ನು ಮಾತ್ರ ಮುಟ್ಟಿದವನಲ್ಲ. ಸ್ವಂತ ಮಗಳು ವನಿತಾಳನ್ನೇ ಅವಳ ಕುತ್ತಿಗೆ ನಿಂತ ಮೇಲೆ ಎತ್ತಿಕೊಂಡ ಆಸಾಮಿ.

ಇಂಥ ಜುಂಜಮ್ಮನಿಗೆ ಬಲಗಾಲಿನ ನೋವು ಹಿಡಿದು ವರ್ಷಗಳೇ ಆಗಿದ್ದವು. ನೋವು ಮೊಣಕಾಲಿನಲ್ಲಿ ಎಂದು ಅವಳೇ ಹೇಳಿದ್ದರಿಂದ ಎಲ್ಲರೂ ಮೊಣಕಾಲಿನ ಹಿಂದೆಯೇ ಬಿದ್ದರು. ಎಕ್ಕದ ಎಲೆ ಕಟ್ಟಿದ್ದಾಯಿತು, ಬೆಲ್ಟು ಹಾಕಿದ್ದಾಯಿತು, ಸೂಜಿ ಚುಚ್ಚಿಸಿದ್ದಾಯಿತು. ಅವಳ ತವರು ಮಡಕಶಿರಾದ ಆಚೆ, ಅಗಳಿಯ ಹತ್ತಿರ. ಅಲ್ಲಿಂದ ತಂಗಿ ರಂಗಕ್ಕ ಬಸ್ಸಿನವರ ಕೈಯಲ್ಲಿ ಯಾವುದೋ ಎಣ್ಣೆ ಕಳಿಸಿದಳು. ಅದರ ವಾಸನೆಗೆ ಓಣಿಯ ನಾಯಿಗಳು ಮನೆ ಮುಂದೆ ಸುಳಿಯುವುದನ್ನು ಬಿಟ್ಟವು, ನೋವು ಬಿಡಲಿಲ್ಲ.

ಜುಂಜಮ್ಮ ನೋವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವವಳಲ್ಲ. ಸುಂಕಪ್ಪ ಕಣ್ಣಿಂದ ಹುಡುಕಿ ತಿಳಿಯಬೇಕು. ಎರೆಯುವ ಮಣೆ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತ ಬಂತು. ಮೊದಲು ಒಂದು ಮಣೆ, ಆಮೇಲೆ ಮಣೆಯ ಮೇಲೆ ಮಣೆ, ಆಮೇಲೆ ಕೆಳಗೊಂದು ಇಟ್ಟಿಗೆ. ಕಾಲುಂಗುರ ಸರಿಮಾಡಿಕೊಳ್ಳಲು ಅವಳ ಕೈ ಅವಳ ಪಾದಕ್ಕೇ ಎಟುಕುತ್ತಿರಲಿಲ್ಲ. ಅಷ್ಟನ್ನು ಕಂಡೂ ಕಾಣದಂತಿದ್ದ ಸುಂಕಪ್ಪನಿಗೆ ಬರೆ ಎಳೆದಂತಾದದ್ದು ಗಂಡಹೆಂಡತಿ ಇಬ್ಬರೂ ದುಡಿಯುತ್ತಿದ್ದ ಯೂನಿಟ್ಟಿನಲ್ಲಿ.

ಹೊಲಿಯುವ ಮೆಷಿನ್ನಿನ ಕೆಳಗೆ ಬಲ ಮೊಣಕಾಲಿಗೆ ತಾಗುವಂತೆ ಒಂದು ಲಿವರ್ ಇರುತ್ತದೆ. ಮೊಣಕಾಲನ್ನು ಹೊರಕ್ಕೆ ಒತ್ತಿದರೆ ಬಟ್ಟೆಯನ್ನು ಅಮುಕಿ ಹಿಡಿದ ಮೆಷಿನ್ನಿನ ಲೋಹದ ಪಾದ ಮೇಲೇಳುತ್ತದೆ, ಎರಡು ಕೈಯೂ ಬಟ್ಟೆಯ ಮೇಲೇ ಉಳಿಯುತ್ತವೆ. ಒಂದು ದಿನ ನೋಡಿದರೆ ಜುಂಜಮ್ಮನ ಮೆಷಿನ್ನಿಗೆ ಆ ಲಿವರೇ ಇಲ್ಲ. ಕಾಲು ಹೊರಕ್ಕೆ ಹೊರಳುತ್ತಿರಲಿಲ್ಲವೆಂದು ಅದನ್ನು ಬಿಚ್ಚಿ ಡಬ್ಬಿಗೆ ಹಾಕಿ, ಆ ಲೋಹದ ಪಾದವನ್ನು ಕೈಯಿಂದಲೇ ಎತ್ತಿ ಇಳಿಸುತ್ತ, ಪಕ್ಕದ ಮೆಷಿನ್ನಿನವಳಿಗೆ ಸುಳಿವು ಹತ್ತದಷ್ಟು ಚುರುಕಾಗಿ ಹೊಲಿಯುತ್ತಿದ್ದಳು. ಯಾವಾಗಿನಿಂದಲೋ ಯಾರಿಗೆ ಗೊತ್ತು. ಸುಂಕಪ್ಪನಿಗೆ ಸಿಟ್ಟೂ ಬಂತು, ಎಂಥ ಗಟ್ಟಿಗಿತ್ತಿ ಅನ್ನುವ ಮೆಚ್ಚುಗೆಯೂ ಬಂತು. ಎರಡೂ ಒಟ್ಟಿಗೆ ಬಂದಾಗ ಗಂಡಸರು ಸಿಟ್ಟನ್ನೇ ತೋರಿಸುತ್ತಾರೆ.

“ಇನ್ನಾ ಎಷ್ಟು ದಿನ ಮುಚ್ಚಿಡಾಕ ಹತ್ತೀದಿ? ನಾಳೆ ಬಳ್ಳಾರಿಗೆ ಹೋಗೋದು. ಮಾತಿಲ್ಲ,” ಅಂದ.

ಬಳ್ಳಾರಿಯ ಡಾಕ್ಟರಮ್ಮ ಜುಂಜಮ್ಮನನ್ನು ಮಲಗಿಸಿ, ಮೊಣಕಾಲನ್ನು ಸುಮ್ಮನೆ ಒಮ್ಮೆ ಒತ್ತಿ ನೋಡಿ ಬಿಟ್ಟರು. ಆಮೇಲೆ ಇಡೀ ಕಾಲನ್ನು ಎತ್ತಿ ಮೆಲ್ಲಗೆ ಒಳಕ್ಕೆ ತಿರುಗಿಸಿದರು. ಜುಂಜಮ್ಮ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಎಕ್ಸ್‌ರೇ ಬಂದ ಮೇಲೆ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು.

“ಅಮ್ಮಾ, ನಿಮ್ಮ ಮೊಣಕಾಲು ಚೆನ್ನಾಗಿದೆ. ಹಾಳಾಗಿರೋದು ಇಲ್ಲಿ, ತೊಡೆ ಸೊಂಟಕ್ಕೆ ಕೂಡೋ ಕೀಲು. ನಡುವೆ ಇರಬೇಕಾದ ಮೆತ್ತೆ ಸವೆದುಹೋಗಿ ಎಲುಬಿಗೆ ಎಲುಬು ಉಜ್ಜುತ್ತಾ ಇದೆ. ನೋವು ಕೆಳಗಿಳಿದು ಮೊಣಕಾಲಲ್ಲಿ ಕಾಣಿಸ್ಕೊಳ್ಳುತ್ತೆ, ಅಷ್ಟೆ. ಆಸ್ಟಿಯೋಆರ್ಥ್ರೈಟಿಸ್ ಅಂತಾರೆ. ಕೀಲು ಸವೆತ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಷ್ಟು ವರ್ಷ ತಾವು ಮಾಡಿದ್ದೂ ಅದನ್ನೇ ಎಂದು ಸುಂಕಪ್ಪನಿಗೆ ನಾಚಿಕೆಯಾಯಿತು. ಎಣ್ಣೆಯ ಬಾಟಲಿಗಳೆಲ್ಲ ಕಣ್ಣ ಮುಂದೆ ಸಾಲಾಗಿ ನಿಂತವು.

ಡಾಕ್ಟರಮ್ಮ ಅವಸರ ಮಾಡುವವರಲ್ಲ. ಮಾತ್ರೆ, ಕೈಕೋಲು, ಸ್ವಲ್ಪ ವ್ಯಾಯಾಮ ಇವೆಲ್ಲ ಇನ್ನಷ್ಟು ದಿನ ನೂಕಲು ಸಹಾಯ ಮಾಡುತ್ತವೆ, ಸವೆದ ಕೀಲನ್ನು ಮರಳಿ ತರುವುದಿಲ್ಲ ಎಂದರು. ಕೀಲನ್ನೇ ಬದಲಿಸುವ ಆಪರೇಷನ್ ಇದೆ, ನಿಮ್ಮ ವಯಸ್ಸಿಗೆ, ನಿಮ್ಮ ಮೈಕಟ್ಟಿಗೆ ಅದು ಒಳ್ಳೆಯದಾಗಿ ಕೂಡುತ್ತದೆ, ಆದರೆ ಯಾವ ಆಪರೇಷನ್ನಿನಲ್ಲೂ ಇರುವ ಅಪಾಯ ಇದರಲ್ಲೂ ಇದೆ ಎಂದು ಬಿಡಿಸಿ ಹೇಳಿದರು.

“ಯಾವಾಗ ಮಾಡಿಸ್ಬೇಕು ಅನ್ನೋದನ್ನ ಈ ಎಕ್ಸ್‌ರೇ ಹೇಳೋಲ್ಲಮ್ಮ. ನೋವು ನಿಮ್ಮ ಕೈಯಿಂದ ಏನೇನು ಕಿತ್ಕೊಂಡಿದೆ ಅಂತ ನೋಡಿ ನೀವೇ ಹೇಳ್ಬೇಕು.”

“ಏನೂ ಕಿತ್ಕಂಡಿಲ್ಲ,” ಅಂದಳು ಜುಂಜಮ್ಮ. ಆಮೇಲೆ ಕೇಳಿದಳು, “ಮಾಡಿಸ್ಕಂಡ್ರೆ ನೆಲದ ಮ್ಯಾಲೆ ಕುಂತ್ಕಬೋದಾ?”

“ಇಲ್ಲ. ಚಕ್ಕಳಮಕ್ಕಳ ಹಾಕೋದು, ಕುಕ್ಕರಗಾಲಲ್ಲಿ ಕೂರೋದು, ತಗ್ಗಿನ ಮಣೆ, ಅವೆಲ್ಲ ಇನ್ನು ಮೇಲೆ ಬೇಡ. ಹೊಸ ಕೀಲು ಜಾರೋ ಭಯ ಇರುತ್ತೆ.”

“ಹಂಗಾದ್ರೆ ಬ್ಯಾಡ ಬುಡಿ,” ಅಂದಳು, ಎದ್ದು ಚಪ್ಪಲಿ ಹುಡುಕಿದಳು.

ಕಾರಣ ಸುಂಕಪ್ಪನಿಗೆ ಹೇಳದೆಯೂ ಗೊತ್ತಿತ್ತು. ಖರ್ಚಿನದಲ್ಲ, ಅದು ಸರ್ಕಾರದ ಆರೋಗ್ಯ ಕಾರ್ಡಿನ ಮೇಲೆ ಹೇಗೋ ಹೊಂದುತ್ತಿತ್ತು. ಕತ್ತಿಯ ಭಯವೂ ಅಲ್ಲ. ವನಿತಾ ಬಸುರಿಯಾಗಿದ್ದಳು. ಅವಳೂ ಅವಳ ಗಂಡ ಯುವರಾಜನೂ ಬೆಂಗಳೂರಿನ ಅಂಚಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷ ಕೂಸಿಲ್ಲದೆ, ಕಂಡ ದೇವರಿಗೆಲ್ಲ ಹರಕೆ ಹೊತ್ತು, ಕಂಡ ಆಸ್ಪತ್ರೆಗೆಲ್ಲ ಅಲೆದು, ಈಗ ಐದನೇ ತಿಂಗಳು ನಡೆಯುತ್ತಿತ್ತು. ಊರ ಕೂಸುಗಳಿಗೆಲ್ಲ ಎರೆಯುವಾಗ ಜುಂಜಮ್ಮ ಒಳಗೊಳಗೇ ಕಾದದ್ದು ಈ ಒಂದು ಕೂಸಿಗೆ. ಅದು ಹುಟ್ಟುವ ಹೊತ್ತಿಗೆ ಸರಿಯಾಗಿ ನೆಲಕ್ಕೆ ಕೂರಬೇಡ ಎಂದರೆ ಅವಳಿಗೆ ಹೇಗಾಗಬೇಡ.

ಬಸ್ಸಿನಲ್ಲಿ ಸುಂಕಪ್ಪ ಬುದ್ಧಿ ಹೇಳಿದ. ಹೇಳುವುದಕ್ಕೇನು, ನಾಲಿಗೆಗೆ ಕೀಲು ಸವೆತವಿಲ್ಲ.

“ರಂಗಕ್ಕನ್ನ ಕರೆಸಿದ್ರಾತು. ಅಕಿ ಎರೀಲಿ.”

“ಅವ್ಳ ರೇಷ್ಮೆಹುಳ ಯಾರು ಮೇಯಿಸ್ತಾರೆ? ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ನಾಗೆ ಅವ್ಳು ಕಟ್ಕಂಡ ಗಂಡನ್ನೇ ನೋಡಾಕಿಲ್ಲ, ನನ್ನ ನೋಡ್ತಾಳಾ?”

“ಓಣ್ಯಾಗ ಯಾರನ್ನರ ಕೇಳೋಣು.”

ಜುಂಜಮ್ಮ ಕಿಟಕಿಯ ಕಡೆ ತಿರುಗಿದಳು. ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅದು ಅವಳದೇ ತಪ್ಪು. ಕಲಿಯಲು ಕೈಚಾಚಿದ ತಾಯಂದಿರಿಗೆ, “ನೀನು ಟವಲ್ ಹಿಡ್ಕಂಡು ನಿಂತ್ಕಳಮ್ಮಿ” ಅನ್ನುತ್ತಿದ್ದಳು. ಎಳೆ ಕೂಸನ್ನು ಅರೆಬರೆ ಕಲಿತವರ ಕೈಗೆ ಕೊಡಲು ಅವಳ ಜೀವ ಒಪ್ಪುತ್ತಿರಲಿಲ್ಲ. ಹೀಗಾಗಿ ಅಷ್ಟೊಂದು ಕೂಸುಗಳು ದೊಡ್ಡವಾದರೂ ಓಣಿಗೆ ಎರೆಯುವ ಕಾಲು ಅವಳದೊಂದೇ ಉಳಿಯಿತು.

ವನಿತಾ ಫೋನಿನಲ್ಲಿ ಗೋಗರೆದಳು. “ಮಾಡಿಸ್ಕಳಮ್ಮ. ಕೂಸಿಗೆ ಬಕೀಟಲ್ಲಿ ನೀರು ಹಾಕಿದ್ರೂ ಬೆಳೀತೈತೆ.”

“ಬಕೀಟಲ್ಲಿ ಪಾತ್ರೆ ತೊಳೀತಾರೆ,” ಅಂದಳು ಜುಂಜಮ್ಮ. “ನಿನ್ನ ಕೂಸಿಗೆ ಎರೆದು, ಅದು ಕುತ್ತಿಗೆ ನಿಲ್ಸಿದ್ಮೇಲೆ ನೋಡಾನ. ಅಲ್ಲೀಗಂಟ ಈ ಕಾಲು ನಿಲ್ತೈತೆ.”

ನಿಲ್ಲುತ್ತದೆ ಎಂದು ಅವಳು ಹೇಳಿದರೆ ನಿಂತೇಬಿಡಬಹುದು ಎಂದು ಸುಂಕಪ್ಪನಿಗೂ ಒಂದೊಂದು ಸಲ ಅನ್ನಿಸುತ್ತಿತ್ತು. ಅಂಥ ಹಟ ಅದು. ಆದರೆ ಎಲುಬಿಗೆ ಹಟ ಗೊತ್ತಾಗುವುದಿಲ್ಲ.

ಚಳಿ ಶುರುವಾದ ಒಂದು ಬೆಳಿಗ್ಗೆ ನಾಗವೇಣಿ ತನ್ನ ಕೂಸು ತಂದಳು. ಬೊಮ್ಮನಹಾಳ್ ಕಡೆಯ ಹುಡುಗಿ, ಪಕ್ಕದ ಕೋಣೆಯಲ್ಲಿದ್ದಳು, ಯೂನಿಟ್ಟಿನಲ್ಲಿ ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮೆಷಿನ್ನಿನವಳು. ಜುಂಜಮ್ಮ ಗೋಡೆಗೆ ಒರಗಿ ಎತ್ತರದ ಮಣೆಯ ಮೇಲೆ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಹಿಟ್ಟು ಹಚ್ಚಿದ್ದಳು. ಸುಂಕಪ್ಪ ಎರಡನೇ ತಂಬಿಗೆ ಕೊಡಲು ಬಗ್ಗಿದ್ದ. ಆಗ ಅವಳ ಬಲಗಾಲು ಅವಳ ಮಾತು ಮೀರಿ ಒಂದು ಸಲ ಝಾಡಿಸಿತು.

ಎಣ್ಣೆಯ ಕೂಸು ಜಾರಿತು. ಬಂಡೆಗೆ ತಲೆ ತಾಗುವಷ್ಟರಲ್ಲಿ ಜುಂಜಮ್ಮನ ಅಂಗೈ ಅಡಿಗೆ ಬಂತು. ಹೇಗೆ ಬಂತೋ ದೇವರೇ ಬಲ್ಲ, ಬಂದದ್ದಂತೂ ನಿಜ. ಕೂಸಿಗೆ ಏನೂ ಆಗಲಿಲ್ಲ, ಅದು ಅಳಲೂ ಇಲ್ಲ. ಸುಂಕಪ್ಪ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಆ ಮುಖದ ಮೇಲೆ ಅವನು ಸಿಟ್ಟು ಕಂಡಿದ್ದ, ಅಳು ಕಂಡಿದ್ದ, ಭಯ ಕಂಡಿರಲಿಲ್ಲ.

“ಎತ್ಕ, ನೀನು ಎತ್ಕ,” ಅಂದಳು. ಗಂಡನಿಗೆ ‘ನೀವು’ ಅನ್ನುವುದನ್ನು ಮರೆತಿದ್ದಳು. ನಾಗವೇಣಿ ಕೈಯಲ್ಲಿ ಟವಲ್ ಹಿಡಿದು ಕಲ್ಲಾಗಿ ನಿಂತಿದ್ದಳು. ಸುಂಕಪ್ಪ ತಂಬಿಗೆ ಬಿಟ್ಟು ಕೂಸನ್ನು ಎರಡು ಕೈಯಲ್ಲಿ ಎತ್ತಿಕೊಂಡ.

“ಕುಂತ್ಕ. ಕಾಲು ಚಾಚು. ಹಿಟ್ಟು ಕಣ್ಣಿಗಿಳೀತೈತೆ, ಬೇಗ.”

ಬಿಳಿ ಅಂಗಿ, ಇಸ್ತ್ರಿ ಪಂಚೆ, ಮೀಸೆ ಸಮೇತ ಮಾಸ್ಟರ್ ಒದ್ದೆ ಬಂಡೆಯ ಮೇಲೆ ಕೂತ. ಜುಂಜಮ್ಮನ ಕಾಲು ಹಿಡಿದುಕೊಂಡುಬಿಟ್ಟಿತ್ತು, ಅಲ್ಲಾಡಿಸಲು ಬರುತ್ತಿರಲಿಲ್ಲ. ಕೂತಲ್ಲಿಂದಲೇ ಹೇಳುತ್ತ ಹೋದಳು. ತಲೆ ಅತ್ತ ಹಾಕು, ಪಾದ ಎರಡೂ ಕೂಡಿಸು, ಅಂಗೈ ಹಣೆಗೆ ಅಡ್ಡ ಹಿಡಿ, ನೀರು ನಿನ್ನ ಕೈಮೇಲೆ ಬಿದ್ದು ಕೂಸಿನ ಮೇಲೆ ಹರೀಬೇಕು. ಅವಳು ಅಂದಂತೆಯೇ ಅವನು ಮಾಡಿದ. ಕೂಸು ಅವನ ಮೀಸೆಯನ್ನೇ ನೋಡುತ್ತ ಮಲಗಿತ್ತು. ಕೂಸು ಜಾರಲಿಲ್ಲ.

ಕೂಸು ತಾಯಿಯ ಮಡಿಲು ಸೇರಿದ ಮೇಲೆ ಇಬ್ಬರೂ ಸೇರಿ ಜುಂಜಮ್ಮನನ್ನು ಎಬ್ಬಿಸಿದರು. ಅವಳು ಆ ದಿನ ಯೂನಿಟ್ಟಿಗೆ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಸುಂಕಪ್ಪ ಚಹಾ ಹೀರುತ್ತಿದ್ದಾಗ ಬಂದು ಎದುರಿಗೆ ನಿಂತಳು.

“ಡಾಕ್ಟ್ರಿಗೆ ಹೇಳ್ರಿ. ಮಾಡಿಸ್ಕಂತೀನಿ.”

“ಈಗ ಬುದ್ಧಿ ಬಂತು ನೋಡು,” ಎಂದು ಸುಂಕಪ್ಪ ಹಿಗ್ಗಿದ.

“ನಂಗೆ ಆಸೆ ಇತ್ತು, ವನಿತನ ಕೂಸು ಕಾಲ್ಮೇಲೆ ಹಾಕ್ಕಬೇಕು ಅಂತ. ಭಾಳ ಇತ್ತು. ನೆನ್ನೆ ನಾಗವೇಣಿ ಕೂಸು ಜಾರಿದಾಗ ಆ ಆಸೇನೂ ಜಾರೋಯ್ತು. ಆಸೆಗೋಸ್ಕರ ಕೂಸನ್ನ ಕಲ್ಲಿನ ಮ್ಯಾಲೆ ಹಿಡಿಯೋಳು ಅಜ್ಜಿ ಅಲ್ಲ.” ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. “ಆದ್ರೆ ಒಂದು ಮಾತು. ನೀವು ಕುಂದ್ರಬೇಕು.”

“ಎಲ್ಲಿ?”

“ಬಂಡೆ ಮ್ಯಾಲೆ. ವನಿತನ ಕೂಸಿಗೆ ನೀವು ಎರೀಬೇಕು. ಬಾಗ್ಲು ಹಾಕ್ಕಂಡು ಒಳಗಲ್ಲ. ಅಂಗಳದಾಗೆ, ಎಳೆ ಬಿಸಿಲಿಗೆ, ನಾನು ಹೆಂಗೆ ಎರೀತಿದ್ನೋ ಹಂಗೆ.”

ಸುಂಕಪ್ಪನಿಗೆ ಚಹಾ ನೆತ್ತಿಗೆ ಹತ್ತಿತು. “ನಿನಗೇನು ತಲಿ ಕೆಟ್ಟೈತೇನು? ನಾನು ಗಂಡಸು. ಊರಾಗ ಯಾವ ಗಂಡಸು ಕಾಲು ಚಾಚಿ ಕೂಸಿಗೆ ಎರದಾನ? ಓಣಿ ನಗಾಕಿಲ್ಲೇನು?”

“ನಗ್ತಾರೆ. ನಾನು ಎಲುಬು ಕೊಯ್ಸಿ ಕಬ್ಬಿಣ ಹಾಕಿಸ್ಕಂತೀನಿ. ನೀವು ನಗು ಹಾಕಿಸ್ಕಳಿ,” ಅಂದಳು ಜುಂಜಮ್ಮ, ಲೋಟ ಎತ್ತಿಕೊಂಡು ಒಳಗೆ ಹೋದಳು.

ಸುಂಕಪ್ಪ ಆ ದಿನ ಬಟ್ಟೆಯ ಮೇಲೆ ಚಾಕ್ ಎಳೆಯುತ್ತ ಎಳೆಯುತ್ತ ಅದನ್ನೇ ಯೋಚಿಸಿದ. ಆಪರೇಷನ್ ಮಾಡಿಸಿಕೋ ಎಂದು ಬಸ್ಸಿನಲ್ಲಿ ಎಷ್ಟು ಸಲೀಸಾಗಿ ಹೇಳಿದ್ದ. ಬೇರೆಯವರ ಕಾಲಿಗೆ ಧೈರ್ಯ ತುಂಬುವುದು ಯಾವಾಗಲೂ ಸುಲಭ. ಅವಳು ಬಿಟ್ಟುಕೊಡುತ್ತಿದ್ದುದು ತನ್ನ ಕಾಲನ್ನಷ್ಟೇ ಅಲ್ಲ, ಆ ಮಣೆಯನ್ನೂ, ಓಣಿ ತನಗೆ ಕೊಟ್ಟ ಜಾಗವನ್ನೂ. ಅದರ ಮುಂದೆ ತನ್ನ ಮೀಸೆಯನ್ನಿಟ್ಟು ತೂಗಿ ನೋಡಿದ. ಮೀಸೆ ತೀರ ಹಗುರವಾಗಿತ್ತು.

“ಆತು, ಕುಂದ್ರತೀನಿ,” ಎಂದು ಸಂಜೆ ಬಂದು ಹೇಳಿದ. ಜುಂಜಮ್ಮ ತಲೆಯಾಡಿಸಿದಳು, ಅವನು ಒಪ್ಪುತ್ತಾನೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಿದ್ದಂತೆ.

ಆಪರೇಷನ್ನಿನ ದಿನ ಬರುವ ತನಕ ಅವಳು ಸುಮ್ಮನೆ ಕೂರಲಿಲ್ಲ. ಜೀನ್ಸಿನ ಚೂರುಗಳನ್ನು ಕೂಸಿನಷ್ಟುದ್ದ ಹೊಲಿದು, ಒಳಗೆ ರಾಗಿ ತುಂಬಿ, ಕುತ್ತಿಗೆ ಮಾತ್ರ ಸಡಿಲ ಬಿಟ್ಟು ಒಂದು ಗೊಂಬೆ ಮಾಡಿದಳು. ಎಳೆ ಕೂಸಿನಂತೆಯೇ ಅದರ ತಲೆ ಎತ್ತ ಬೇಕಾದರತ್ತ ವಾಲುತ್ತಿತ್ತು. ಬೆಳಗಾದರೆ ಮಾಸ್ಟರ್ ಬಂಡೆಯ ಮೇಲೆ ಕಾಲು ಚಾಚಬೇಕು, ಗೊಂಬೆಗೆ ಎಣ್ಣೆ ಹಚ್ಚಬೇಕು, ಮಗುಚಬೇಕು, ನೀರು ಹಾಕಬೇಕು. ತಲೆ ವಾಲಿತೋ, “ಸತ್ತೋಯ್ತು, ಮೊದ್ಲಿಂದ ಮಾಡ್ರಿ” ಅನ್ನುವಳು. ಓಣಿ ನಗುವುದೇನು, ನಕ್ಕು ನಕ್ಕು ಸುಸ್ತಾಯಿತು. ಎದುರುಮನೆಯ ತೆಲುಗಿನ ಟೈಲರು, ಮಾಸ್ಟರು ಕಟಿಂಗ್ ಬಿಟ್ಟು ಸೂಲಗಿತ್ತಿ ಕೆಲಸಕ್ಕೆ ಸೇರಿದರೆಂದು ತೆಲುಗಿನಲ್ಲಿ ಸಾರಿಕೊಂಡು ಬಂದ. ನೆನೆದ ಗೊಂಬೆಯ ಹೊಲಿಗೆಯ ಸಂದಿನಿಂದ ಒಂದು ದಿನ ರಾಗಿಯ ಮೊಳಕೆ ಇಣುಕಿತು.

“ಕೈಗುಣ ಒಳ್ಳೇದೈತೆ,” ಅಂದಳು ಜುಂಜಮ್ಮ. “ಕೂಸು ಚಿಗುರ್ತಾ ಐತೆ.”

ಮೊದಲು ನಂಬಿದವಳು ನಾಗವೇಣಿ. “ಮಾವ, ನನ್ನ ಕೂಸಿಗೆ ಎರೀರಿ, ಗೊಂಬಿ ಸಾಕು,” ಎಂದು ತಂದು ಅವನ ಕಾಲ ಮೇಲೆ ಹಾಕಿದಳು. ಜುಂಜಮ್ಮ ಈ ಸಲ ಅವಳನ್ನು ಟವಲ್ ಹಿಡಿದು ನಿಲ್ಲಿಸಲಿಲ್ಲ. “ನೀನೂ ಪಕ್ಕದಾಗೆ ಕುಂತ್ಕಳಮ್ಮಿ, ನೋಡಿ ಕಲ್ತ್ಕ,” ಅಂದಳು. ಅಷ್ಟು ಕಲಿಯಲು ಜುಂಜಮ್ಮನಿಗೂ ಒಂದು ಕೀಲು ಸವೆಯಬೇಕಾಯಿತು.

ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ಯುವ ಮುಂಚೆ ಕಾಲುಂಗುರ ತೆಗೆಯಬೇಕೆಂದರು. ಅವಳ ಕೈ ಎಟುಕದು. ಸುಂಕಪ್ಪ ಅವಳ ಪಾದದ ಹತ್ತಿರ ಕೂತು, ಸೋಪು ಹಚ್ಚಿ, ಒಂದೊಂದಾಗಿ ಜಾರಿಸಿದ. ಆ ಪಾದಗಳ ನಡುವೆ ಎಷ್ಟು ತಲೆಗಳು ನಿದ್ದೆ ಮಾಡಿದ್ದವು ಎಂದು ನೆನೆಯುತ್ತ ಉಂಗುರಗಳನ್ನು ಒರೆಸಿ ಜೇಬಿಗೆ ಹಾಕಿಕೊಂಡ.

“ನಾನಿಲ್ಲೇ ಕುಂತಿರ್ತೀನಿ, ಹೆದರಬ್ಯಾಡ,” ಅಂದ.

“ನೀವು ಹೆದರಬ್ಯಾಡ್ರಿ. ಮುಖ ನೋಡ್ಕಳಿ, ಸುಣ್ಣ ಆಗೈತೆ,” ಎಂದು ಅವಳು ಒಳಗೆ ಹೋದಳು.

ಮಾರನೆಯ ದಿನವೇ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ವಾಕರ್ ಹಿಡಿದ ಬೆರಳುಗಳು ಬೆಳ್ಳಗಾದವು, ಹಣೆಯಿಂದ ಬೆವರು ಇಳಿಯಿತು. ಹೆಜ್ಜೆ ಎತ್ತಿಡಿ ಎಂದು ನಡೆಯಲು ಕಲಿಸುವ ಆಸ್ಪತ್ರೆಯ ಹುಡುಗ ಹೇಳಿದರೆ, “ಇಟ್ಟೆ ಕಣಪ್ಪ, ನೀನು ನೋಡ್ಲಿಲ್ಲ” ಅಂದಳು. ನೋವಾ ಎಂದು ಸುಂಕಪ್ಪ ಕೇಳಿದ.

“ಇದು ಗಾಯದ ನೋವು, ಮಾಯ್ತೈತೆ. ಒಳಗೆ ಕಡೀತಿತ್ತಲ್ಲ, ಆ ಹಳೇದು ಇಲ್ಲ,” ಎಂದು ತಾನೇ ನಂಬದವಳಂತೆ ಕಾಲನ್ನು ನೋಡಿಕೊಂಡಳು.

ಮನೆಗೆ ಬಂದ ಮೇಲೆ ಮಂಚ ಇಟ್ಟಿಗೆಯ ಮೇಲೇರಿತು, ಅಡಿಗೆಯ ಒಲೆ ಕಟ್ಟೆಯ ಮೇಲೇರಿತು, ಎತ್ತರದ ಕುರ್ಚಿ ಬಂತು. ಹೇಳಿಕೊಟ್ಟ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಲಿಲ್ಲ. ವಾಕರ್ ಹಿಡಿದು ಅಂಗಳ ದಾಟಿದಳು, ಕೋಲು ಹಿಡಿದು ಓಣಿ ದಾಟಿದಳು. ಯೂನಿಟ್ಟಿನ ಹುಡುಗಿಯರು ಮೆಷಿನ್ ನಿಲ್ಲಿಸಿ ಬಾಗಿಲಿಗೆ ಬಂದು ನೋಡುತ್ತಿದ್ದರು. ಅವಳು ಅವರಿಗೆ ಹೋಗಿ ಕೆಲಸ ನೋಡಿಕೊಳ್ಳಿ ಎಂದು ಬೈಯುತ್ತಿದ್ದಳು. ವನಿತಾ ತುಂಬಿದ ಬಸುರಿಯಾಗಿ ಬಸ್ಸಿನಿಂದ ಇಳಿದಾಗ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಕೋಲಿಲ್ಲದೆ ನಿಂತಿದ್ದಳು. ಮಗಳು ಅಲ್ಲೇ ಅತ್ತುಬಿಟ್ಟಳು.

ಹೆಣ್ಣು ಕೂಸು ಹುಟ್ಟಿತು. ಹೊಕ್ಕುಳು ಬಿದ್ದು ಒಣಗಿದ ಮೇಲೆ ಒಂದು ಬೆಳಿಗ್ಗೆ ಎರೆಯುವುದೆಂದು ನಿಶ್ಚಯವಾಯಿತು. ರಂಗಕ್ಕ ಅಗಳಿಯಿಂದ ಹಿಪ್ಪುನೇರಳೆಯ ಒಣಕಡ್ಡಿ ಕಳಿಸಿದ್ದಳು, ಕೂಸಿನ ನೀರನ್ನು ಓಣಿಯ ಒಲೆಗಳಲ್ಲಿ ಮಾಡುವಂತೆ ಜೀನ್ಸಿನ ಚಿಂದಿ ಉರಿಸಿ ಕಾಯಿಸಬಾರದೆಂದು. ನಾಗವೇಣಿ ಒಲೆ ಹಚ್ಚಿದಳು. ಓಣಿಯ ಹೆಂಗಸರೆಲ್ಲ ಬಂದರು, ತೆಲುಗಿನ ಟೈಲರೂ ಗೋಡೆಯಾಚೆಯಿಂದ ಕತ್ತು ಚಾಚಿದ. ಕಟಿಂಗ್ ಟೇಬಲ್ಲಿನ ಎತ್ತರದ ಸ್ಟೂಲನ್ನು ತಂದು ಬಂಡೆಯ ಪಕ್ಕ ಹಾಕಿದರು, ಜುಂಜಮ್ಮ ಅದರ ಮೇಲೆ ಕೂತಳು. ಸುಂಕಪ್ಪ ಬಿಳಿ ಅಂಗಿ ತೊಟ್ಟು, ಪಂಚೆ ಮೇಲೆ ಕಟ್ಟಿ, ಮಣೆಯ ಮೇಲೆ ಕೂತು ಕಾಲು ಚಾಚಿದ. ವನಿತಾ ಕೂಸನ್ನು ತಂದು ಅಪ್ಪನ ಕಾಲ ಮೇಲೆ ಮಲಗಿಸಿದಳು.

ಈ ಸಲ ಯಾರೂ ನಗಲಿಲ್ಲ. ಸುಂಕಪ್ಪ ಎಣ್ಣೆ ತಿಕ್ಕಿದ, ಹಿಟ್ಟು ಹಚ್ಚಿದ, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ನೀರು ಹಾಕಿದ. ಜುಂಜಮ್ಮ ಮೇಲಿಂದ ಕಣ್ಣು ಕೀಳದೆ ನೋಡುತ್ತಿದ್ದಳು, ಅವಳ ಕೈಗಳು ಮಡಿಲಲ್ಲಿ ತಾವೇ ಎರೆಯುತ್ತಿರುವಂತೆ ಆಡುತ್ತಿದ್ದವು. ಮೊದಮೊದಲು ಅತ್ತ ಕೂಸು ಬೆನ್ನು ನೀವುವಾಗ ಸುಮ್ಮನಾಯಿತು. ಸುಂಕಪ್ಪನಿಗೆ ಮಾತ್ರ ಅಷ್ಟರಲ್ಲಿ ತೊಡೆಯ ಸಂದು ಹಿಡಿದುಕೊಂಡಿತ್ತು, ನಡು ಸಿಡಿಯುತ್ತಿತ್ತು, ಮೊಣಕಾಲ ಹಿಂದಿನ ನರ ಹಗ್ಗದಂತೆ ಬಿಗಿದಿತ್ತು. ಗಟ್ಟಿ ಕೀಲುಗಳಿದ್ದ ತನಗೇ ಹೀಗೆ. ಸವೆದ ಎಲುಬನ್ನು ಎಲುಬಿಗೆ ಉಜ್ಜಿಕೊಂಡು ಇವಳು ಊರವರ ಕೂಸುಗಳನ್ನು ಬೆಳಗಾದರೆ ಈ ಬಂಡೆಯ ಮೇಲೆ ಕಾದಳಲ್ಲ. ತಾನು ಪಕ್ಕದಲ್ಲೇ, ತೋಳಿಗೆ ಮಸಿ ತಾಗದಂತೆ ನಿಂತಿದ್ದನಲ್ಲ.

ಅವನು ತಲೆಯೆತ್ತಿ ನೋಡಿದ. ಓಣಿಯ ಮುಂದೆ ಹೇಳಬಾರದೆಂದು ಅನ್ನಿಸಲಿಲ್ಲ.

“ಜುಂಜೀ, ಆ ಕಾಲಿಟ್ಕೊಂಡು ಇಷ್ಟು ವರ್ಷ ಹೆಂಗ ಕುಂತಿದ್ದಿ? ನಿನ್ನಂಥಾಕಿ ಈ ಊರಾಗ ಇಲ್ಲಲೇ.”

“ಕೂಸು ನೋಡ್ಕಳಿ,” ಅಂದಳು ಜುಂಜಮ್ಮ. “ಕಿವಿಗೆ ನೀರು ಹೋಗ್ತೈತೆ.”

ಆದರೆ ಅವಳ ದನಿ ಎಂದಿನಂತಿರಲಿಲ್ಲ. ಕೊನೆಯ ತಂಬಿಗೆ ಬಾಕಿ ಉಳಿದಿತ್ತು. ನಾಗವೇಣಿ ಅದನ್ನು ತುಂಬಿ ಸುಂಕಪ್ಪನಿಗೆ ಕೊಡಲು ಹೋದಳು. ಜುಂಜಮ್ಮ ಕೈನೀಡಿ ತಾನೇ ತೆಗೆದುಕೊಂಡಳು. ಸ್ಟೂಲಿನಿಂದ ಮೊದಲು ಎಡಗಾಲು, ಆಮೇಲೆ ಹೊಸ ಕೀಲಿನ ಬಲಗಾಲು ಇಳಿಸಿದಳು. ಯಾರ ತೋಳನ್ನೂ ಹಿಡಿಯದೆ, ಕೋಲು ಬೇಡದೆ, ಒಣಗಿದ ಜಾಗ ನೋಡಿ ಹೆಜ್ಜೆಯಿಟ್ಟು ಗಂಡನ ಪಕ್ಕ ಬಂದು ನೆಟ್ಟಗೆ ನಿಂತಳು. ಅವನು ಇಷ್ಟು ವರ್ಷ ನಿಂತಿದ್ದ ಜಾಗ ಅದು.

ಬಗ್ಗುವಂತಿರಲಿಲ್ಲ. ನಿಂತಲ್ಲಿಂದಲೇ ತಂಬಿಗೆಯನ್ನು ದೊಡ್ಡದಾಗಿ ಸುತ್ತು ತಿರುಗಿಸಿ ಇಳಿ ತೆಗೆದಳು. ಆ ಸುತ್ತಿನೊಳಗೆ ಕೂಸೂ ಬಂತು, ಕೂತ ಅಜ್ಜನೂ ಬಂದ.

“ಗುಂಡುಕಲ್ಲಂಗಿರು, ಗುಡ್ಡದಂಗೆ ಬೆಳಿ.”

ನೀರು ಸಣ್ಣ ಧಾರೆಯಾಗಿ ಕೂಸಿನ ಕಾಲ ಮೇಲೆ ಇಳಿಯಿತು. ಉಳಿದದ್ದನ್ನು ಅವಳು ಚೆಲ್ಲಲಿಲ್ಲ. ಮಾಸ್ಟರ್ ಸುಂಕಪ್ಪನ ನೆತ್ತಿಯ ಮೇಲೆ ನಿಧಾನ ಹುಯ್ದಳು. ಅದು ಮೀಸೆಯಿಂದಿಳಿದು ಬಿಳಿ ಅಂಗಿಯನ್ನೆಲ್ಲ ತೋಯಿಸಿತು.

“ಇದ್ಯಾಕ?” ಅಂದ ಸುಂಕಪ್ಪ, ಕಣ್ಣು ಮಿಟುಕಿಸುತ್ತ.

“ಓಣಿಯೋರೆಲ್ಲ ನಿಮ್ಮನ್ನೇ ನೋಡ್ತಾ ಅವ್ರೆ,” ಅಂದಳು ಜುಂಜಮ್ಮ. “ದೃಷ್ಟಿ ಆದಾತು.”